ಎದ್ದು ಹೋಗಲಾರದ ಕೇಳುಗರು

ಸಂಗೀತ ವಿಮರ್ಶಕರು ಆಸ್ಪತ್ರೆಗೆ ಹೋಗುವುದು ಕಾಯಿಲೆ ಬಿದ್ದಾಗ ಮಾತ್ರ. ನಾನಿರುವ ಪುಣೆಯಲ್ಲಿ ಡಿಸೆಂಬರ್ ಬಂತೆಂದರೆ ಸವಾಯಿ ಗಂಧರ್ವ ಮಹೋತ್ಸವದ ಒಂದೊಂದು ತಾನವನ್ನೂ ತೂಗಿ ನೋಡುವವರಿದ್ದಾರೆ. 1953ರಲ್ಲಿ ಭೀಮಸೇನ ಜೋಶಿಯವರು ತಮ್ಮ ಗುರುವಿನ ನೆನಪಿಗೆಂದು ಶುರು ಮಾಡಿದ ಆ ವೇದಿಕೆಯಲ್ಲಿ ಎಷ್ಟು ದೊಡ್ಡವರು ಕೂತರೂ ಅವರ ಹಾಡಿಕೆಯ ಮೇಲೆ ಮರುದಿನ ಚರ್ಚೆ ಇದ್ದದ್ದೇ. ಅದೇ ಊರಿನ ಆಸ್ಪತ್ರೆಯ ವಾರ್ಡಿನಲ್ಲಿ ಯಾರಾದರೂ ಹಾಡಿದರೆ ಆ ಸುದ್ದಿ ಪತ್ರಿಕೆಯ ಬೇರೊಂದು ಪುಟಕ್ಕೆ ಹೋಗುತ್ತದೆ. ಅದು ರಕ್ತದಾನ ಶಿಬಿರ, ಹಣ್ಣು ಹಂಚಿಕೆ, ಸಸಿ ನೆಡುವಿಕೆಗಳ ಪುಟ. ಒಂದು ಫೋಟೋ, ಅದರ ಕೆಳಗೆ ರೋಗಿಗಳ ಮುಖದಲ್ಲಿ ನಗು ಅರಳಿತೆಂಬ ಒಂದು ಸಾಲು. ಹೇಗೆ ಹಾಡಿದರು ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂಬ ಗಾದೆ ನಮ್ಮಲ್ಲಿದೆ. ಪುಕ್ಕಟೆ ಕೊಟ್ಟದ್ದನ್ನು ಅಳೆಯಬಾರದು ಎಂದು ಅದರ ಅರ್ಥ. ಈ ಲೇಖನದಲ್ಲಿ ನಾನು ಮಾಡಹೊರಟಿರುವುದು ಹಿತ್ತಲಿಗೆ ಹೋಗಿ ಮೊಳ ಹಾಕುವ ಕೆಲಸವನ್ನೇ. ಯಾಕೆಂದರೆ ಈ ದಟ್ಟಿಯನ್ನು ಬೇಡ ಎನ್ನುವ ಸ್ವಾತಂತ್ರ್ಯ ಪಡೆದುಕೊಳ್ಳುವವರಿಗೆ ಇರುವುದಿಲ್ಲ. ಸಭಾಗೃಹದಲ್ಲಿ ಹಾಡು ಹಿಡಿಸದಿದ್ದರೆ ಕ್ಯಾಂಟೀನಿಗೆ ಹೋಗಿ ಬಟಾಟೆ ವಡೆ ತಿನ್ನಬಹುದು. ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದವರು ಎಲ್ಲಿಗೆ ಹೋಗಬೇಕು?

ಆಸ್ಪತ್ರೆಯ ಸಂಗೀತ ವಿಮರ್ಶೆಯಿಂದ ತಪ್ಪಿಸಿಕೊಳ್ಳುವುದು ಎರಡು ದಾರಿಗಳಲ್ಲಿ. ಒಂದು, ಅದು ಸೇವೆ ಎಂಬ ಮಾತು. ಇನ್ನೊಂದು, ಅದು ಔಷಧ ಎಂಬ ಮಾತು. ಸೇವೆಯ ಮಾತನ್ನು ಆಮೇಲೆ ನೋಡೋಣ. ಔಷಧದ ಮಾತು ಹೆಚ್ಚು ಗಟ್ಟಿ, ಅದಕ್ಕೆ ಅಂಕಿಗಳ ಬೆಂಬಲವೂ ಇದೆ. 2015ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಪರಿಶೀಲನೆ, ಶಸ್ತ್ರಚಿಕಿತ್ಸೆಗೆ ಒಳಗಾದ ಸುಮಾರು 7000 ಜನರ ಮೇಲೆ ನಡೆದ 73 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿತು. ಸಂಗೀತ ಕೇಳಿದವರಿಗೆ ನೋವು ಮತ್ತು ಆತಂಕ ಕಡಿಮೆಯಾಗಿತ್ತು, ನೋವಿನ ಔಷಧವೂ ಕಡಿಮೆ ಸಾಕಾಗಿತ್ತು. ಆಸ್ಪತ್ರೆಯಲ್ಲಿ ಉಳಿಯುವ ದಿನಗಳು ಮಾತ್ರ ಕಡಿಮೆಯಾಗಿರಲಿಲ್ಲ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಅದೇ ಪರಿಶೀಲನೆಯ ಇನ್ನೊಂದು ಮಾತನ್ನು ಯಾರೂ ಎತ್ತುವುದಿಲ್ಲ. ಯಾವ ಸಂಗೀತ, ಯಾವ ಹೊತ್ತಿನಲ್ಲಿ ಎಂಬುದರಿಂದ ಫಲಿತಾಂಶದಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲವಂತೆ. ಇಂಥ ರಾಗ ರಕ್ತದೊತ್ತಡಕ್ಕೆ, ಇಂಥದ್ದು ಸಕ್ಕರೆ ಕಾಯಿಲೆಗೆ, ಮತ್ತೊಂದು ನಿದ್ರಾಹೀನತೆಗೆ ಎಂದು ವಾಟ್ಸ್ಯಾಪಿನಲ್ಲಿ ಓಡಾಡುವ ಪಟ್ಟಿಗಳನ್ನು ನಂಬುವವರು ಈ ವಾಕ್ಯದ ಮುಂದೆ ಸ್ವಲ್ಪ ಹೊತ್ತು ಕೂರಬೇಕು.

ಆ ಪ್ರಯೋಗಗಳಲ್ಲಿ ಹೆಚ್ಚಿನವು ಧ್ವನಿಮುದ್ರಿತ ಸಂಗೀತದವು. ಔಷಧದ ಕೆಲಸ ಹೆಡ್‌ಫೋನಿನಿಂದಲೇ ಆಗುವುದಾದರೆ ಒಬ್ಬ ಮನುಷ್ಯ ವಾದ್ಯ ಹಿಡಿದುಕೊಂಡು ವಾರ್ಡಿಗೆ ಯಾಕೆ ಬರಬೇಕು? ನನ್ನ ಕುತೂಹಲವೆಲ್ಲ ಇರುವುದು ಈ ಪ್ರಶ್ನೆಯಲ್ಲಿ. ಇದಕ್ಕೆ ಉತ್ತರ ವೈದ್ಯಶಾಸ್ತ್ರದಿಂದ ಸಿಗಲಾರದು, ಸಂಗೀತದೊಳಗೇ ಹುಡುಕಬೇಕು.

ಹೋದ ವರ್ಷ ನಮ್ಮ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟದ ಕೀಲು ಮುರಿದುಕೊಂಡು ಇಲ್ಲಿನ ಒಂದು ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ 13 ದಿನ ಇದ್ದರು. 22 ಬೆಡ್ಡುಗಳ ವಾರ್ಡು. ಹಗಲೆಲ್ಲ ನಾನು ಅಲ್ಲೇ, ಕಬ್ಬಿಣದ ಸ್ಟೂಲಿನ ಮೇಲೆ, ತೊಡೆಯ ಮೇಲೆ ಲ್ಯಾಪ್‌ಟಾಪ್. ಪ್ರತಿ ಗುರುವಾರ ಸಂಜೆ ಐದೂವರೆಗೆ ಅಲ್ಲಿ ಸಂಗೀತದ ಕಾರ್ಯಕ್ರಮ ಇತ್ತು. ಒಂದು ಕೀಬೋರ್ಡು, ಇಬ್ಬರು ಗಾಯಕರು, ಗಾಲಿಯ ಮೇಲೆ ಎಳೆದು ತರುವ ಸ್ಪೀಕರು, ಮೊಬೈಲಿನಲ್ಲಿ ಕರೋಕೆ ಟ್ರ್ಯಾಕುಗಳು. ಹಳೆಯ ಹಿಂದಿ ಸಿನಿಮಾ ಹಾಡುಗಳು, ಒಂದೆರಡು ಮರಾಠಿ ಭಾವಗೀತೆಗಳು.

ಮೊದಲು ಸಲ್ಲಬೇಕಾದ್ದು ಸಲ್ಲಲಿ. ಹಾಡಿದ ಹೆಂಗಸಿನ ಕಂಠ ಚೆನ್ನಾಗಿತ್ತು. ಮೇಲಿನ ಷಡ್ಜದಲ್ಲಿ ದನಿ ಒಡೆಯುತ್ತಿರಲಿಲ್ಲ, ಶಬ್ದಗಳನ್ನು ನುಂಗುತ್ತಿರಲಿಲ್ಲ. ಹಾಡುಗಳ ಆಯ್ಕೆಯ ಬಗ್ಗೆಯೂ ನನ್ನ ತಕರಾರಿಲ್ಲ. ಸಿನಿಮಾ ಹಾಡು ಆಸ್ಪತ್ರೆಗೆ ಕಡಿಮೆ ದರ್ಜೆಯದು, ಶಾಸ್ತ್ರೀಯ ಸಂಗೀತವೇ ಶ್ರೇಷ್ಠ ಎಂಬ ಮಾತನ್ನು ನಾನು ಒಪ್ಪುವವಳಲ್ಲ. ತೊಂದರೆ ಇದ್ದದ್ದು ಟ್ರ್ಯಾಕಿನಲ್ಲಿ. ಟ್ರ್ಯಾಕಿಗೆ ಕಿವಿ ಇಲ್ಲ. ಏಳನೇ ಬೆಡ್ಡಿನ ಹೆಂಗಸನ್ನು ಇಬ್ಬರು ಮಾವಶಿಯರು ಮಗ್ಗುಲು ತಿರುಗಿಸುವಾಗ ಆಕೆ ಚೀರಿದಳು. ಹಾಡುತ್ತಿದ್ದವಳು ತಡೆದು ನಿಂತಳು, ಅದು ಅವಳೊಳಗಿನ ಸಂಗೀತಗಾರ್ತಿ ಮಾಡಿದ ಸರಿಯಾದ ಕೆಲಸ. ಆದರೆ ಟ್ರ್ಯಾಕು ನಿಲ್ಲಲಿಲ್ಲ. ಪಿಟೀಲುಗಳ ಗುಂಪು ತನ್ನ ಪಾಡಿಗೆ ತಾನು ಮಧ್ಯದ ಸಂಗೀತ ಮುಗಿಸಿತು, ಎರಡನೆಯ ಚರಣದ ಜಾಗ ಬಂತು, ಅವಳು ಓಡಿ ಹೋಗಿ ಅದನ್ನು ಹಿಡಿದುಕೊಳ್ಳಬೇಕಾಯಿತು. ಆ ಕ್ಷಣದಲ್ಲಿ ಅದು ನೇರ ಪ್ರದರ್ಶನವಾಗಿ ಉಳಿದಿರಲಿಲ್ಲ. ಮನುಷ್ಯರು ಎದುರಿಗಿದ್ದರು, ಸಂಗೀತ ಮಾತ್ರ ಎಲ್ಲಿಂದಲೋ ಬರುತ್ತಿತ್ತು.

ಅತ್ತೆಯ ಪಕ್ಕದ ಬೆಡ್ಡಿನಲ್ಲಿ ಜತ್ತ ತಾಲೂಕಿನ ಒಬ್ಬ ಅಜ್ಜಿ ಇದ್ದರು. ಸಾಂಗ್ಲಿ ಜಿಲ್ಲೆಯಾದರೂ ಆ ಕಡೆ ಮನೆಮಾತು ಕನ್ನಡವೇ. ಮಗ ಇಲ್ಲಿ ಕಟ್ಟಡದ ಕೆಲಸದಲ್ಲಿದ್ದ, ರಾತ್ರಿ ಮಾತ್ರ ಬರುತ್ತಿದ್ದ. ಹಾಗಾಗಿ ಹಗಲು ಹೊತ್ತು ಡಾಕ್ಟರಿಗೂ ಅಜ್ಜಿಗೂ ನಡುವೆ ದುಭಾಷಿ ನಾನೇ. ಮೂರನೆಯ ಹಾಡಿನ ಹೊತ್ತಿಗೆ ಅಜ್ಜಿ ನನ್ನ ಸೆರಗು ಜಗ್ಗಿ ಅಂದರು: “ಯವ್ವಾ, ಅವರಿಗೆ ಸಾಕಂತ ಹೇಳ. ಛಲೋನ ಹಾಡ್ತಾರ. ಆದ್ರ ನನಗ ಎದ್ದು ಹೋಗಾಕ ಬರೂದಿಲ್ಲ ನೋಡ.”

ನಾನು ಹೋಗಿ ಸಂಘಟಕರ ಕಿವಿಯ ಹತ್ತಿರ ಮರಾಠಿಯಲ್ಲಿ ಹೇಳಿದೆ. ಸ್ಪೀಕರಿನ ಸದ್ದಿನಲ್ಲಿ ಅವರಿಗೆ ಕೇಳಿಸಿದ್ದು ಅಜ್ಜಿ ಮತ್ತು ಹಾಡು ಎಂಬ ಎರಡೇ ಶಬ್ದ ಇರಬೇಕು. ಮುಖ ಅರಳಿಸಿ ಮೈಕು ತೆಗೆದುಕೊಂಡು, “ಆಜೀಂಚಿ ಫರ್ಮಾಯಿಷ್!” ಎಂದು ಸಾರಿದರು. ಇನ್ನೊಂದು ಹಾಡು ಬಂತು. ಒಬ್ಬ ಹುಡುಗ ಮೊಬೈಲು ಹಿಡಿದುಕೊಂಡು ಬಂದು ಅಜ್ಜಿಯ ಮುಖದ ವಿಡಿಯೋ ಮಾಡಿಕೊಂಡ. ಅಜ್ಜಿ ಕಣ್ಣು ಮುಚ್ಚಿಕೊಂಡಿದ್ದರು. ವಿಡಿಯೋದಲ್ಲಿ ಅದು ತಲ್ಲೀನತೆಯಾಗಿ ಕಂಡಿರಬಹುದು.

ಅಜ್ಜಿಯ ಮಾತಿನಲ್ಲಿ ಎರಡು ತೀರ್ಪುಗಳಿವೆ, ಎರಡೂ ಒಂದಕ್ಕೊಂದು ಬೆರೆಯದಂತೆ ಇವೆ. ಛಲೋ ಹಾಡುತ್ತಾರೆ ಎಂಬುದು ಹಾಡಿನ ಬಗ್ಗೆ. ಎದ್ದು ಹೋಗಲು ಬರುವುದಿಲ್ಲ ಎಂಬುದು ಆ ಸಭೆಯ ಬಗ್ಗೆ. ನಮ್ಮ ಕಛೇರಿ ವಿಮರ್ಶೆ ಮೊದಲನೆಯದನ್ನಷ್ಟೇ ಬಲ್ಲದು, ಯಾಕೆಂದರೆ ಸಭಾಗೃಹದಲ್ಲಿ ಎರಡನೆಯದು ಬಾಗಿಲು ತೆರೆದಿಟ್ಟ ಮಾತ್ರಕ್ಕೆ ತೀರಿಹೋಗುತ್ತದೆ. ವಾರ್ಡಿನಲ್ಲಿ ಅದನ್ನು ಸಂಗೀತಗಾರರೇ ತಮ್ಮ ಹಾಡಿಕೆಯೊಳಗೆ ತೀರಿಸಬೇಕು. ಕೇಳುಗರು ಎದ್ದು ಹೋಗಲಾರರಾದ್ದರಿಂದ, ಬೇಕಾದಾಗ ಹಾಡೇ ಎದ್ದು ಹೋಗುವ ಹಾಗಿರಬೇಕು.

ಅಂದು ಆರು ಗಂಟೆಗೆ ಔಷಧದ ಟ್ರಾಲಿ ಬಂತು. ಸಿಸ್ಟರ್ ಒಂದೊಂದು ಬೆಡ್ಡಿನ ಹತ್ತಿರ ನಿಂತು ರೋಗಿಯ ಹೆಸರು ಕೇಳಿ, ಚೀಟಿ ನೋಡಿ, ಮಾತ್ರೆಯ ಹೆಸರು ಹೇಳಿ ಕೊಡಬೇಕು. ಹಾಡಿನ ಮಧ್ಯೆ ಆಕೆ ಪ್ರತಿಯೊಂದು ಹೆಸರನ್ನೂ ಎರಡೆರಡು ಸಲ ಕೂಗುತ್ತಿದ್ದಳು. ಕಾರ್ಯಕ್ರಮದ ಫಲಕದಲ್ಲಿ ‘ರೋಗಿಗಳಿಗಾಗಿ ಮತ್ತು ಸಿಬ್ಬಂದಿಗಾಗಿ’ ಎಂದು ಬರೆದಿತ್ತು. ದಾದಿಯ ಕಿವಿ ಅವಳ ಕೆಲಸದ ಉಪಕರಣ, ಸ್ಟೆತಾಸ್ಕೋಪಿನಷ್ಟೇ. ಉಸಿರಾಟ ಬದಲಾದದ್ದು, ಸಲಾಯನ್ ಮುಗಿದದ್ದು, ಮೂಲೆಯ ಬೆಡ್ಡಿನಲ್ಲಿ ಯಾರೋ ನರಳಿದ್ದು ಎಲ್ಲ ಅವಳಿಗೆ ಮೊದಲು ತಿಳಿಯುವುದು ಕಿವಿಯಿಂದ. ಅದನ್ನು ಮುಚ್ಚಿಬಿಡುವ ಸಂಗೀತ ಅವಳಿಗಾಗಿ ಇರುವುದು ಹೇಗೆ?

ಸದ್ದಿನ ಲೆಕ್ಕ ಇಲ್ಲಿ ಬಹಳ ಬಿಗಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಆಸ್ಪತ್ರೆಯ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಹಗಲಿಗೆ 50 ಡೆಸಿಬಲ್, ರಾತ್ರಿಗೆ 40. ಇಬ್ಬರು ಎದುರುಬದುರು ಕೂತು ಮಾತಾಡಿದರೇ 60ರ ಹತ್ತಿರ ಹೋಗುತ್ತದೆ. ಅಂದರೆ ಇಲ್ಲಿ ಹಾಡುವವರಿಗೆ ಸಿಗುವುದು ಪಿಸುಮಾತಿಗೂ ಮಾತಿಗೂ ನಡುವಿನ ಒಂದು ಸಣ್ಣ ಸಂದು. ಅಷ್ಟರಲ್ಲಿ ಹಾಡುವುದು ದೊಡ್ಡ ಕಲೆ, ಮೈಕಿಗೆ ಒಗ್ಗಿಹೋದ ನಮ್ಮ ಕಾಲದವರಿಗೆ ಹೆಚ್ಚುಕಡಿಮೆ ಮರೆತುಹೋದ ಕಲೆ.

ವಾರ್ಡಿನಲ್ಲಿ ಆಗಲೇ ಒಂದು ಸಂಗೀತ ಇದೆ ಎನ್ನುವುದನ್ನೂ ಮರೆಯಬಾರದು. ವೈದ್ಯಕೀಯ ಯಂತ್ರಗಳ ಎಚ್ಚರಿಕೆಯ ಸದ್ದುಗಳನ್ನು 2006ರ ಒಂದು ಅಂತರರಾಷ್ಟ್ರೀಯ ಮಾನದಂಡ ಸಣ್ಣ ಸಣ್ಣ ಸ್ವರಪುಂಜಗಳಾಗಿ ರೂಪಿಸಿತ್ತು. ಹೃದಯಕ್ಕೊಂದು, ಉಸಿರಿಗೊಂದು, ಔಷಧದ ಪಂಪಿಗೊಂದು. ಕೇಳಲು ಇಂಪಾಗಿರಲಿ ಎಂಬ ಸದುದ್ದೇಶವೇನೋ ಇತ್ತು. ದಾದಿಯರಿಗೆ ಒಂದರಿಂದ ಇನ್ನೊಂದನ್ನು ಗುರುತಿಸುವುದೇ ಕಷ್ಟ ಎಂದು ಪರೀಕ್ಷೆಗಳು ತೋರಿಸಿದ ಮೇಲೆ 2020ರಲ್ಲಿ ಮಾನದಂಡವನ್ನು ತಿದ್ದಿದರು. ನನಗೆ ಇದು ಆಸ್ಪತ್ರೆ ಸಂಗೀತದ ಇತಿಹಾಸದಲ್ಲಿ ಒಂದು ಒಳ್ಳೆಯ ವಿಮರ್ಶಾ ಪ್ರಸಂಗವಾಗಿ ಕಾಣುತ್ತದೆ. ರಚನೆ ಚೆನ್ನಾಗಿತ್ತು, ಕೇಳಬೇಕಾದವರನ್ನು ಮಾತ್ರ ಮೊದಲೇ ಕೇಳಿರಲಿಲ್ಲ.

ಈ ವಿಷಯದಲ್ಲಿ ನಾನು ಓದಿದವರಲ್ಲಿ ನಿಜವಾದ ವಿಮರ್ಶಕಿ ಫ್ಲಾರೆನ್ಸ್ ನೈಟಿಂಗೇಲ್. 1859ರ ‘ನೋಟ್ಸ್ ಆನ್ ನರ್ಸಿಂಗ್’ ಪುಸ್ತಕದಲ್ಲಿ ಸದ್ದಿನ ಬಗ್ಗೆ ಒಂದು ಅಧ್ಯಾಯವೇ ಇದೆ. ಅಲ್ಲಿ ಆಕೆ ಸಂಗೀತವನ್ನು ಒಳ್ಳೆಯದೆಂದು ಹೊಗಳಿ ಸುಮ್ಮನಾಗುವುದಿಲ್ಲ, ವಾದ್ಯಗಳನ್ನು ವಿಂಗಡಿಸುತ್ತಾಳೆ. ಮನುಷ್ಯ ಕಂಠ, ಊದುವ ವಾದ್ಯ, ನಾದವನ್ನು ಎಳೆದು ನಿಲ್ಲಿಸಬಲ್ಲ ತಂತಿವಾದ್ಯ ರೋಗಿಗೆ ಹಿತ. ನಾದ ಕಡಿದು ಕಡಿದು ಬೀಳುವ ಪಿಯಾನೊ ಅಹಿತ. ಎಷ್ಟೇ ಶ್ರೇಷ್ಠವಾಗಿ ನುಡಿಸಿದ ಪಿಯಾನೊ ಕೂಡ ಕೆಡುಕು ಮಾಡೀತು, ಬೀದಿಯಲ್ಲಿ ಹಿಡಿಕೆ ತಿರುಗಿಸುವವನ ಸಾಮಾನ್ಯ ವಾದ್ಯದಿಂದ ಬರುವ ಒಂದು ಸರಳ ಧಾಟಿ ಶಮನ ನೀಡೀತು ಎನ್ನುವಷ್ಟು ದೂರ ಹೋಗುತ್ತಾಳೆ. ಇವತ್ತಿನ ಕಾರ್ಪೊರೇಟ್ ಆಸ್ಪತ್ರೆಗಳ ಲಾಬಿಯಲ್ಲಿ ಹೊಳೆಯುವ ಪಿಯಾನೊ ನೋಡಿದಾಗ ನನಗೆ ಈ ಸಾಲುಗಳು ನೆನಪಾಗಿ ನಗು ಬರುತ್ತದೆ. ಅದು ಬಿಲ್ಲು ಕಟ್ಟುವವರಿಗಾಗಿ ಇಟ್ಟದ್ದು, ಇರಲಿ.

ನೈಟಿಂಗೇಲಳ ಈ ವಿಂಗಡಣೆಯಲ್ಲಿ ನಮಗೆ ಉಪಯೋಗವಾಗುವ ಸಂಗತಿ ಇದೆ. ನಾದದ ಸಾತತ್ಯ ನಮ್ಮ ಸಂಗೀತದ ನೆಲಗಟ್ಟು. ತಂಬೂರಿ ಮೀಟಿನಿಂದ ಹುಟ್ಟಿದರೂ ಜವಾರಿಯಿಂದಾಗಿ ಒಂದು ಮೀಟಿನ ಮೈಮೇಲೆ ಇನ್ನೊಂದು ಬಂದು ಕೂತು ಮಧ್ಯದ ಬಿರುಕು ಮುಚ್ಚಿಹೋಗುತ್ತದೆ. ಆದರೆ ಇದರ ಮೇಲೆ ನಾವು ಕಟ್ಟುವ ಕಛೇರಿಯ ಆಕೃತಿ ಬೇರೆಯೇ. ವಿಲಂಬಿತದಿಂದ ದ್ರುತಕ್ಕೆ ಏರುವುದು, ಸಮ್ ಯಾವಾಗ ಬರುತ್ತದೋ ಎಂದು ಕಾಯಿಸುವುದು, ತಿಹಾಯಿಯಲ್ಲಿ ಬೀಳಿಸುವುದು, ಚಪ್ಪಾಳೆಗೆ ತಂದು ನಿಲ್ಲಿಸುವುದು. ಇದೆಲ್ಲ ಎಚ್ಚರವಾಗಿರುವ, ನೆಟ್ಟಗೆ ಕೂತಿರುವ, ನೋವಿಲ್ಲದ ದೇಹವನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಳೆದ ಆಕೃತಿ. ಹೊಲಿಗೆ ಇನ್ನೂ ಹಸಿಯಾಗಿರುವವರ ಪಕ್ಕದಲ್ಲಿ ತಬಲಾದ ಒಂದು ಜೋರು ಪೆಟ್ಟು ಬಿದ್ದರೆ ಇಡೀ ಮೈ ಬೆಚ್ಚುತ್ತದೆ. ಮಧ್ಯದಲ್ಲಿ ಕಣ್ಣು ಹತ್ತಿ ಮತ್ತೆ ಎಚ್ಚರವಾದವರಿಗೆ ಬಡಾ ಖ್ಯಾಲಿನ ಎಳೆ ಸಿಗುವುದಿಲ್ಲ.

ನಿದ್ದೆ ಬಂದರೆ ಸೇಡು ತೀರಿಸಿಕೊಳ್ಳದ ಸಂಗೀತ ಬೇಕು ಇಲ್ಲಿ. ಅಂಥದ್ದು ನಮ್ಮ ಹತ್ತಿರ ಬೇಕಾದಷ್ಟಿದೆ. ಏಕತಾರಿಯ ಮೇಲಿನ ತತ್ವಪದವನ್ನೇ ತೆಗೆದುಕೊಳ್ಳಿ. ಪ್ರತಿ ನುಡಿಯೂ ತನ್ನಷ್ಟಕ್ಕೆ ಪೂರ್ಣ, ಪಲ್ಲವಿ ಮತ್ತೆ ಮತ್ತೆ ಬಂದು ಕೈ ಹಿಡಿಯುತ್ತದೆ. ಎರಡನೆಯ ನುಡಿಗೆ ಮಂಪರು ಬಂದು ನಾಲ್ಕನೆಯದಕ್ಕೆ ಕಣ್ಣು ತೆರೆದವರು ಏನನ್ನೂ ಕಳೆದುಕೊಂಡಿರುವುದಿಲ್ಲ. ಎಲ್ಲಿ ಬೇಕಾದರೂ ಶುರುವಾಗಿ ಎಲ್ಲಿ ಬೇಕಾದರೂ ನಿಲ್ಲಬಲ್ಲ ರಚನೆ ಅದು. ಸಭಾಗೃಹದಲ್ಲಿ ಇದನ್ನೇ ಏಕತಾನತೆ ಎಂದು ದೂರಿದ್ದೂ ಉಂಟು.

ಆ 13 ದಿನಗಳಲ್ಲಿ ಎರಡನೆಯದೊಂದು ಸಂಗೀತವನ್ನೂ ಕೇಳಿದೆ. ಗುರುವಾರದ ಕಾರ್ಯಕ್ರಮಕ್ಕೂ ಇದಕ್ಕೂ ಸಂಬಂಧವಿರಲಿಲ್ಲ. ಒಂದು ಭಾನುವಾರ ಇಳಿಹೊತ್ತಿಗೆ ಬಾನ್ಸುರಿ ಕಲಿಯುತ್ತಿರುವ ಒಬ್ಬ ಹುಡುಗ ವಾರ್ಡಿನ ಸಿಸ್ಟರ್ ಒಪ್ಪಿಗೆ ಪಡೆದು ಬಂದ. ಮೈಕಿಲ್ಲ, ಫಲಕವಿಲ್ಲ. ಬಂದವನೇ ನುಡಿಸಲಿಲ್ಲ. ಸಿಸ್ಟರ್ ಮೇಜಿನ ಹತ್ತಿರ ಐದು ನಿಮಿಷ ಸುಮ್ಮನೆ ನಿಂತ. ಮೇಲೆ ಫ್ಯಾನು, ಹೊರಗೆ ಲಿಫ್ಟಿನ ಬಾಗಿಲು, ಯಾರದೋ ಕೆಮ್ಮು, ಇವೆಲ್ಲ ಅವನಿಗೆ ಕೇಳುತ್ತಿರುವುದು ನಮಗೆ ಕಾಣುತ್ತಿತ್ತು. ಆಮೇಲೆ ಮಂದ್ರದಲ್ಲಿ, ಫ್ಯಾನಿನ ಸದ್ದಿಗಿಂತ ಒಂದು ಎಳೆ ಮೇಲೆ, ಭೀಮಪಲಾಸಿ.

ವಿಮರ್ಶೆ ಎಂದ ಮೇಲೆ ಹೇಳಲೇಬೇಕು: ಅವನ ನುಡಿಸಾಣಿಕೆ ಮಧ್ಯಮ ದರ್ಜೆಯದು. ಕೋಮಲ ನಿಷಾದ ಒಮ್ಮೊಮ್ಮೆ ಜಾರುತ್ತಿತ್ತು. ಉಸಿರು ಸಾಲದೆ ಕೆಲವು ಸ್ವರಸಮೂಹ ಅರ್ಧಕ್ಕೆ ನಿಂತವು. ಸಭೆಯಲ್ಲಿ ಕೂತಿದ್ದರೆ ನಾನು ಅವನಿಗೆ ಇನ್ನೂ ನಾಲ್ಕು ವರ್ಷ ರಿಯಾಜ್ ಮಾಡಲು ಹೇಳುತ್ತಿದ್ದೆ. ಆದರೆ ಔಷಧದ ಪಂಪು ಕೂಗಿದಾಗ ಅವನು ಕೊಳಲನ್ನು ತುಟಿಯಿಂದ ತೆಗೆದ, ಸಿಸ್ಟರ್ ಬಂದು ಅದನ್ನು ನಿಲ್ಲಿಸುವ ತನಕ ಕಾದ, ಬಿಟ್ಟಲ್ಲಿಂದ ಹಿಡಿಯದೆ ಇನ್ನೂ ಕೆಳಗಿನಿಂದ ಹೊಸದಾಗಿ ಶುರು ಮಾಡಿದ. ಎದುರು ಸಾಲಿನ ಹೆಂಗಸೊಬ್ಬಳು ಮುಖದ ಮೇಲೆ ಚಾದರ ಎಳೆದುಕೊಂಡಳು. ಅದನ್ನು ಗಮನಿಸಿ ಅತ್ತ ಬೆನ್ನು ಮಾಡಿ ನಮ್ಮ ಸಾಲಿನ ಕೊನೆಗೆ ಬಂದ. ತಾಂತ್ರಿಕವಾಗಿ ಗುರುವಾರದ ಗಾಯಕಿ ಇವನಿಗಿಂತ ಎಷ್ಟೋ ಮುಂದೆ. ಆದರೆ ಆ ವಾರ್ಡಿನ ಸಂಗೀತ ಇವನದು. ಕಿವಿಯಿಂದ ಶುರುವಾದದ್ದು ಅನ್ನುವುದೊಂದೇ ಕಾರಣ.

ಅಜ್ಜಿಯ ಬೆಡ್ಡಿನ ಹತ್ತಿರ ನಿಂತು, ಏನು ನುಡಿಸಲಿ ಎಂದು ಹಿಂದಿಯಲ್ಲಿ ಕೇಳಿದ. ನಾನು ಕನ್ನಡಕ್ಕೆ ತಿರುಗಿಸಿದೆ. ಅಜ್ಜಿ ಅವನನ್ನು ಅಡಿಯಿಂದ ಮುಡಿಯ ತನಕ ನೋಡಿ, “ನೀ ಏನೂ ಊದಬ್ಯಾಡಪ್ಪಾ. ನಾ ಹಾಡ್ತೀನಿ, ನೀ ಸೂರ ಹಿಡಿ” ಅಂದರು. ಬೀಸುವ ಕಲ್ಲಿನ ಪದ ಅದು, ತ್ರಿಪದಿ. ಅಜ್ಜಿಯ ಷಡ್ಜ ಬಹಳ ಕೆಳಗಿತ್ತು. ಅವನು ಚೀಲದಿಂದ ಉದ್ದನೆಯ ಇನ್ನೊಂದು ಕೊಳಲು ತೆಗೆದ, ಅದೂ ಕೂಡಲಿಲ್ಲ, ಮೂರನೆಯದು ಸರಿಹೋಯಿತು. ಸಾ ಒಂದನ್ನೇ ಹಿಡಿದುಕೊಂಡು ನಿಂತ. ತ್ರಿಪದಿಯ ಎರಡನೆಯ ಸಾಲು ಮುಗಿದು ಮೂರನೆಯದಕ್ಕೆ ಹೋಗುವ ಮುನ್ನ ಬೀಸುವವರು ಉಸಿರು ತೆಗೆದುಕೊಳ್ಳುತ್ತಾರೆ. ಗೂಟ ಒಂದು ಸುತ್ತು ಬರಬೇಕಲ್ಲ. ಎರಡು ಪದ ಆಗುವುದರಲ್ಲಿ ಅವನು ಆ ಜಾಗವನ್ನು ಹಿಡಿದಿದ್ದ, ತಾನೂ ಅಲ್ಲೇ ಉಸಿರು ತೆಗೆದುಕೊಳ್ಳುತ್ತಿದ್ದ. ಕನ್ನಡದ ಒಂದಕ್ಷರ ಬಾರದ ಹುಡುಗ. ಸಿಸ್ಟರ್ ಬಂದು ಡ್ರೆಸಿಂಗಿಗೆ ಹೊತ್ತಾಯಿತು ಎಂದಳು, ಮುಗಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಜ್ಜಿ, “ಸೂರ ಛಲೋ ಹಿಡೀತಾನ” ಎಂದು ನನಗೆ ಹೇಳಿದರು, ಅವನಿಗೆ ಹೇಳು ಎನ್ನಲಿಲ್ಲ.

ಮುತ್ತುಸ್ವಾಮಿ ದೀಕ್ಷಿತರ ಬಗ್ಗೆ ಪ್ರಚಲಿತವಿರುವ ಕತೆಯೊಂದು ನೆನಪಾಗುತ್ತದೆ. ಶಿಷ್ಯ ತಂಬಿಯಪ್ಪನಿಗೆ ತಾಳಲಾರದ ಹೊಟ್ಟೆನೋವು, ಗುರುಗ್ರಹದ ಕಾಟ ಎಂದು ತಿಳಿದು ದೀಕ್ಷಿತರು ಅಠಾಣದಲ್ಲಿ ಬೃಹಸ್ಪತಿಯ ಕೃತಿ ರಚಿಸಿದರು, ನೋವು ಹೋಯಿತು. ಸಂಗೀತ ಚಿಕಿತ್ಸೆಯ ಭಾಷಣಗಳಲ್ಲಿ ಇದು ತಪ್ಪದೆ ಬರುತ್ತದೆ. ಆದರೆ ಕತೆಯಲ್ಲಿ ಗುರುಗಳು ಹಾಡಿ ಶಿಷ್ಯ ಮಲಗಿ ಕೇಳಲಿಲ್ಲ. ಕೃತಿಯನ್ನು ಅವನಿಗೆ ಕಲಿಸಿದರು, ದಿನವೂ ಅವನೇ ಹಾಡಿದ. ಕತೆ ನಿಜವೋ ಸುಳ್ಳೋ, ಅದನ್ನು ಕಟ್ಟಿದವರಿಗೆ ರೋಗಿಯೂ ಹಾಡುವವನೇ ಎಂಬುದು ಗೊತ್ತಿತ್ತು.

ಇದನ್ನು ಗಂಭೀರವಾಗಿ ತೆಗೆದುಕೊಂಡು ಕೆಲಸ ಮಾಡಿದವರು ಬೇರೆ ಕಡೆಗಳಲ್ಲಿದ್ದಾರೆ. ಅಮೆರಿಕದ 11 ಆಸ್ಪತ್ರೆಗಳಲ್ಲಿ ಅವಧಿಗೆ ಮುನ್ನ ಹುಟ್ಟಿದ 272 ಕೂಸುಗಳೊಡನೆ ನಡೆಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಅಲ್ಲಿ ತಂದೆತಾಯಿಯರನ್ನು ಕೇಳಿ, ಅವರದೇ ಮನೆಯ ಹಾಡನ್ನು ಜೋಗುಳದ ಲಯಕ್ಕೆ ಇಳಿಸಿ, ಅಲ್ಲೇ ಎದುರಿಗೆ ಹಾಡುತ್ತಿದ್ದರು. ಕೂಸಿಗೆ ಮಾತ್ರವಲ್ಲ, ಹೆತ್ತವರ ತಳಮಳಕ್ಕೂ ಅದರಿಂದ ಇಳಿತವಿತ್ತು. ಪ್ಯಾರಿಸಿನ ಚೆಲ್ಲೊ ವಾದಕಿ ಕ್ಲೇರ್ ಒಪೇರ್ ಇನ್ನೊಂದು ರೀತಿ. ಗಾಯದ ಪಟ್ಟಿ ಬದಲಾಯಿಸುವಾಗ, ದಾದಿ ಕೈಯಾಡಿಸುತ್ತಿರುವ ಅದೇ ನಿಮಿಷಗಳಲ್ಲಿ ಆಕೆ ಪಕ್ಕದಲ್ಲಿ ಕೂತು ನುಡಿಸುತ್ತಾಳೆ. 2020ರ ಅವಳ ಪುಸ್ತಕದ ಹೆಸರಿನ ಅರ್ಥವೇ ‘ಶೂಬರ್ಟ್ ಪಟ್ಟಿ’; ಶೂಬರ್ಟನ ಸಂಗೀತದೊಂದಿಗೆ ಕಟ್ಟಿದ ಪಟ್ಟಿ. ಇಲ್ಲಿ ದಾದಿ ಅಡ್ಡಿಪಡಿಸುವವಳಲ್ಲ, ಜೊತೆಗಾರ್ತಿ. ಪಟ್ಟಿ ಬಿಚ್ಚುವ ಕೈಯ ಲಯವೇ ತಾಳ. ‘ರೋಗಿಗಳಿಗಾಗಿ ಮತ್ತು ಸಿಬ್ಬಂದಿಗಾಗಿ’ ಎಂಬ ಫಲಕದ ಮಾತಿಗೆ ಅರ್ಥ ಬರುವುದು ಹೀಗೆ.

ಈಗ ಸೇವೆಯ ಮಾತು. ಟರ್ಕಿಯ ಎದಿರ್ನೆಯಲ್ಲಿ ಎರಡನೆಯ ಬಾಯಜೀದ್ ಸುಲ್ತಾನ 1488ರಲ್ಲಿ ಕಟ್ಟಿಸಿದ ಆಸ್ಪತ್ರೆ ಇದೆ, ಈಗ ಅದು ವಸ್ತುಸಂಗ್ರಹಾಲಯ. ನಡುವೆ ಗುಮ್ಮಟದ ಹಜಾರ, ಅದರಲ್ಲಿ ಕಾರಂಜಿ, ಸುತ್ತ ರೋಗಿಗಳ ಕೋಣೆಗಳು. 17ನೇ ಶತಮಾನದ ಪ್ರವಾಸಿ ಎವ್ಲಿಯಾ ಚೆಲೆಬಿ ಅಲ್ಲಿ ಹತ್ತು ಜನ ಸಂಗೀತಗಾರರನ್ನು ನೇಮಿಸಿದ್ದರೆಂದೂ, ವಾರಕ್ಕೆ ಮೂರು ಸಲ ಅವರು ಹಾಡಿ ನುಡಿಸುತ್ತಿದ್ದರೆಂದೂ ಬರೆದಿದ್ದಾನೆ. ನನ್ನ ಗಮನ ಹೋಗುವುದು ‘ನೇಮಿಸಿದ್ದರು’ ಎಂಬ ಕ್ರಿಯಾಪದದ ಕಡೆಗೆ. ಅವರು ಹುಟ್ಟುಹಬ್ಬಕ್ಕೋ ಪುಣ್ಯತಿಥಿಗೋ ಬಂದು ಹೋಗುವವರಲ್ಲ, ಅಡುಗೆಯವರು ಔಷಧ ಅರೆಯುವವರ ಹಾಗೆ ಆಸ್ಪತ್ರೆಗೆ ಸೇರಿದವರು. ಸೇರಿದವರನ್ನು ಚೆನ್ನಾಗಿ ಮಾಡು ಎಂದು ಕೇಳಬಹುದು. ಸೇವೆಗೆ ಬಂದವರಿಗೆ ಹಾರ ಹಾಕಬಹುದಷ್ಟೇ.

ಹೊರನಾಡ ಕನ್ನಡಿಗರಾದ ನಮಗೆ ಈ ವಿಷಯದಲ್ಲಿ ಒಬ್ಬ ದೊಡ್ಡ ಸಾಕ್ಷಿ ಇದ್ದಾನೆ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ, ಅಂದರೆ ಕುಮಾರ ಗಂಧರ್ವ. ಇಪ್ಪತ್ತರ ಹರೆಯದಲ್ಲೇ ಕ್ಷಯ ಹಿಡಿದು, ಒಣ ಹವೆಗೆಂದು ಮಧ್ಯಪ್ರದೇಶದ ದೇವಾಸಕ್ಕೆ ಹೋಗಿ, ಹಾಡಬಾರದು ಎಂಬ ವೈದ್ಯರ ಕಟ್ಟಪ್ಪಣೆಯಲ್ಲಿ ವರ್ಷಗಟ್ಟಲೆ ಹಾಸಿಗೆಯಲ್ಲಿದ್ದವರು. ಆ ಹಾಸಿಗೆಗೆ ಬರುತ್ತಿದ್ದದ್ದು ಬೀದಿಯ ಹಾಡು, ಅಲೆಮಾರಿ ಗಾಯಕರ ದನಿ, ಗಾಳಿ, ಹಕ್ಕಿ. ಅವರ ಕಾಯಿಲೆಯನ್ನು ಹಾಡು ವಾಸಿ ಮಾಡಿತು ಎಂದು ಭಾವುಕರಾಗಿ ಹೇಳುವವರಿದ್ದಾರೆ. ಅವರನ್ನು ಎಬ್ಬಿಸಿ ಕೂರಿಸಿದ್ದು ಹೊಸದಾಗಿ ಬಂದಿದ್ದ ಸ್ಟ್ರೆಪ್ಟೊಮೈಸಿನ್. ಒಂದು ಶ್ವಾಸಕೋಶ ಮತ್ತೆ ಸರಿಹೋಗಲೇ ಇಲ್ಲ. ಹಾಡು ಮಾಡಿದ್ದು ಬೇರೆ ಕೆಲಸ. ಮಾಳವದ ಧಾಟಿಗಳನ್ನು ಕೇಳುತ್ತಾ ಕೇಳುತ್ತಾ, ರಾಗ ಹುಟ್ಟುವುದು ಇಂಥ ಧಾಟಿಗಳಿಂದಲೇ ಎಂಬ ವಿಚಾರಕ್ಕೆ ಅವರು ಬಂದರು. 1953ರಲ್ಲಿ ಮತ್ತೆ ವೇದಿಕೆಗೆ ಮರಳಿದಾಗ ಬಂದದ್ದು ಬೇರೆ ಗಾಯಕ. ಹನ್ನೆರಡು ವರ್ಷಗಳ ನಂತರ ಬಂದ ‘ಅನೂಪರಾಗವಿಲಾಸ’ದಲ್ಲಿ ಆ ಹಾಸಿಗೆಯ ಫಸಲು ಇದೆ.

ಆ ಬೀದಿಯ ಗಾಯಕರು ರೋಗಿಗಾಗಿ ಹಾಡುತ್ತಿರಲಿಲ್ಲ. ಅವರಿಗೆ ಕಿಟಕಿಯ ಒಳಗೆ ಯಾರಿದ್ದಾರೆಂಬುದೂ ಗೊತ್ತಿರಲಿಲ್ಲ. ಹಾಡು ದೂರದಿಂದ ಬಂದು, ಹತ್ತಿರವಾಗಿ, ಹೊರಟುಹೋಗುತ್ತಿತ್ತು. ಒಳಗಿದ್ದವನಿಗೆ ಬೇಕಾದಷ್ಟು ತೆಗೆದುಕೊಳ್ಳುವ, ಉಳಿದದ್ದನ್ನು ಬಿಡುವ ಹಕ್ಕಿತ್ತು. ಕರುಣೆಗೆ ಪಾತ್ರನಾದ ಶ್ರೋತೃವಾಗಿರದೆ, ತಾನೂ ಕಸುಬುದಾರನಾಗಿಯೇ ಕೇಳಿದ. ಜತ್ತದ ಅಜ್ಜಿಯನ್ನೂ ಕುಮಾರರನ್ನೂ ಒಂದೇ ಉಸಿರಿನಲ್ಲಿ ಹೇಳುವುದು ಕೆಲವರಿಗೆ ಅತಿ ಎನಿಸಬಹುದು. ನನಗೆ ಅನಿಸುವುದಿಲ್ಲ. ಇಬ್ಬರಿಗೂ ಸೂರು ಯಾವುದು, ಅದನ್ನು ಹಿಡಿದವರು ಯಾರು, ಹಿಡಿಯದವರು ಯಾರು ಎಂಬುದು ಮಲಗಿದಲ್ಲಿಂದಲೇ ಗೊತ್ತಾಗುತ್ತಿತ್ತು.

ನವೆಂಬರ್ ಹತ್ತಿರ ಬರುತ್ತಿದೆ. ರಾಜ್ಯೋತ್ಸವಕ್ಕೆ ಆಸ್ಪತ್ರೆಯಲ್ಲಿ ಹಣ್ಣು ಬ್ರೆಡ್ಡು ಹಂಚಿ ನಾಡಗೀತೆ ಹಾಡುವ ಪದ್ಧತಿ ಎಷ್ಟೋ ಊರಿನ ಕನ್ನಡ ಸಂಘಗಳಲ್ಲಿದೆ, ನಾನು ಸದಸ್ಯಳಾಗಿರುವ ಸಂಘದಲ್ಲೂ ಇದೆ. ಮೊನ್ನೆ ಕಾರ್ಯದರ್ಶಿಯವರಿಗೆ ಫೋನು ಮಾಡಿದ್ದೆ. ಈ ಸಲ ಆರ್ಕೆಸ್ಟ್ರಾ ಬೇಡ ಸರ್, ಇಬ್ಬರೇ ಹೋಗೋಣ, ಒಂದು ಏಕತಾರಿ ಸಾಕು, ಕಲಬುರಗಿ ವಿಜಯಪುರದ ಕಡೆಯ ರೋಗಿಗಳು ಯಾರಿದ್ದಾರೆ ಎಂದು ಸಿಸ್ಟರ್ ಹತ್ತಿರ ಮೊದಲೇ ಕೇಳಿಕೊಂಡು, ಅವರಿಗೆ ಬೇಕೋ ಬೇಡವೋ ವಿಚಾರಿಸಿ, ಅವರಿಗೇ ಹಾಡು ಬರುತ್ತಿದ್ದರೆ ನಾವು ಸುಮ್ಮನೆ ಶ್ರುತಿ ಹಿಡಿಯೋಣ ಎಂದೆಲ್ಲ ವಿವರವಾಗಿ ಹೇಳಿದೆ. ಅವರು ಸಮಾಧಾನದಿಂದ ಪೂರ್ತಿ ಕೇಳಿಸಿಕೊಂಡರು. ಒಳ್ಳೆಯ ಮನುಷ್ಯ.

“ಎಲ್ಲಾ ಸರಿ ಮೇಡಂ,” ಅಂದರು, “ಬ್ಯಾನರ್ ಎಲ್ಲಿ ಕಟ್ಟೋದು?”